ಮಾಳಿಂಗ ಬರುವ ದೃಶ್ಯ

ನಮ್ಮ ಊರಿನಲ್ಲಿ ಇರುವುದು ಒಂದೇ ನಾಟಕ. ವರ್ಷಕ್ಕೆ ಅದರ ಒಂದು ದೃಶ್ಯ ಆಡುತ್ತೇವೆ. ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಕೆರೆಯ ಮೆಟ್ಟಿಲುಗಳ ಮೇಲೆ, ಹೊತ್ತು ಮುಳುಗುವುದರೊಳಗೆ ಮುಗಿಯುವ ಹಾಗೆ. ಮೊದಲ ದೃಶ್ಯ ಆಡಿದವರ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಕೊನೆಯದನ್ನು ನೋಡುವವರು ಇನ್ನೂ ಹುಟ್ಟಿಲ್ಲ. ನಾವೆಲ್ಲ ನಡುವೆ ಬಂದವರು, ನಡುವೆಯೇ ಹೋಗುವವರು.

ನಾಟಕದಲ್ಲಿ ಯಾರು ಯಾರಿಗೆ ಏನಾಗಿದ್ದಾರೋ ಬೀದಿಯಲ್ಲೂ ಹಾಗೆಯೇ. ನನ್ನ ಸೋದರತ್ತೆ ತನಗಿಂತ ಎಷ್ಟೋ ಹಿರಿಯನಾದ ಕಿರಾಣಿ ಅಂಗಡಿಯವನಿಗೆ ತಾಯಿಯಾಗಿದ್ದಳು. ಆ ಹಲ್ಲುಬಿದ್ದ ಮುದುಕ ಹಬ್ಬದ ಬೆಳಿಗ್ಗೆ ಬಂದು ಅವಳ ಕಾಲಿಗೆ ಬೀಳುತ್ತಿದ್ದ. ಅವಳು, ತಲೆಗೆ ಎಣ್ಣೆ ಹಚ್ಚಿಕೊಂಡಿಲ್ಲವೆಂದು ಅವನನ್ನು ಬೈಯುತ್ತಿದ್ದಳು. ಮಿಠಾಯಿ ಅಂಗಡಿಯ ಅಣ್ಣತಮ್ಮಂದಿರು ನಾಟಕದಲ್ಲಿ ವೈರಿಗಳಾದ ಮೇಲೂ ಅಂಗಡಿಯನ್ನೇನೂ ಒಡೆಯಲಿಲ್ಲ. ಒಬ್ಬ ತೂಗುತ್ತಾನೆ, ಇನ್ನೊಬ್ಬ ಕಟ್ಟಿಕೊಡುತ್ತಾನೆ, ನಡುವೆ ನಿಂತ ಗಿರಾಕಿ ಆಚೆಯ ಮಾತನ್ನು ಈಚೆಗೆ ದಾಟಿಸುತ್ತಾನೆ. ಎಲ್ಲಕ್ಕಿಂತ ಬಿಗಿಯಾದದ್ದು ಅಗಲಿದವರ ಪಾಡು. ನಾಟಕದಲ್ಲಿ ಅಗಲಿದವರು, ನಾಟಕವೇ ಅವರನ್ನು ಮತ್ತೆ ಕೂಡಿಸುವ ತನಕ, ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಎದುರಾದರೆ ಒಬ್ಬರು ಗೋಡೆಯ ಕಡೆಗೆ, ಇನ್ನೊಬ್ಬರು ಗಟಾರದ ಕಡೆಗೆ ಮುಖ ಮಾಡಿ ದಾಟಬೇಕು. ಬೇರೆ ಊರಿನಿಂದ ಸೊಸೆಯಾಗಿ ಬಂದವರಿಗೆ ಇದೆಲ್ಲ ಮೊದಮೊದಲು ವಿಚಿತ್ರವೆನಿಸುತ್ತದೆ. ಒಂದು ಮಗು ಆಗುವುದರೊಳಗೆ ರೂಢಿಯಾಗಿರುತ್ತದೆ.

ಹನ್ನೆರಡು ವರ್ಷಕ್ಕೊಮ್ಮೆ ಊರವರೆಲ್ಲ ಪುರಸಭೆಯ ಅಂಗಳದಲ್ಲಿ ಕೂಡಿ ಮುಂದಿನ ಹನ್ನೆರಡು ವರ್ಷದ ಕಥೆಯನ್ನು ಗೊತ್ತು ಮಾಡುತ್ತಾರೆ. ಅದಕ್ಕೆ ಮುಂಗತೆ ಸಭೆ ಎನ್ನುತ್ತೇವೆ. ಅಲ್ಲಿ ಯಾರು ಏನನ್ನಾದರೂ ಕೇಳಬಹುದು, ಪಾತ್ರ ಹಿಡಿದವರು ಮಾತ್ರ ಕೇಳುವಂತಿಲ್ಲ. ನನಗೆ ಪಟ್ಟ ಕಟ್ಟಿ, ನನಗೆ ಮದುವೆ ಮಾಡಿ ಎಂದರೆ ಜನ ನಗುತ್ತಾರೆ. ಅವರು ಕೇಳಬಹುದಾದದ್ದು ಒಂದೇ, ತಮ್ಮ ಪಾತ್ರದ ಸಾವು. ಅದನ್ನು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಆದರೆ ಹಾಗೆ ಕೇಳಿದವರು ಮತ್ತೆ ಜನ್ಮದಲ್ಲಿ ಮೆಟ್ಟಿಲು ಹತ್ತುವಂತಿಲ್ಲ.

ನನ್ನ ಹೆಸರು ಸಾವಂತ್ರವ್ವ. ಪೇಟೆಯ ಕೊನೆಗೆ ನಮ್ಮಪ್ಪ ಹಾಕಿದ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅದಕ್ಕಿಂತ ಹೆಚ್ಚಾಗಿ ಜನ ನನ್ನನ್ನು ಬಲ್ಲದ್ದು ಚೆನ್ನಾಜಿ ಎಂದು. ಚೆನ್ನಾಜಿಯಾಗಿದ್ದವಳು ಮದುವೆಯಾಗಿ ಊರು ಬಿಟ್ಟಾಗ ಪಾತ್ರ ನನಗೆ ಬಂತು. ಆಗಿನ್ನೂ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮಾಳಿಂಗನ ಪಾತ್ರ ಹಿಡಿದಿದ್ದವನು ಗುರುಪಾದ. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ನಾನು ಬಂದ ವರ್ಷದ ದೃಶ್ಯವೇ ಚೆನ್ನಾಜಿ ಮಾಳಿಂಗರ ಮದುವೆ. ಅಕ್ಕಿಕಾಳು ಹಾಕುವಾಗ ಊರೆಲ್ಲ ಎದ್ದು ನಿಂತಿತ್ತು. ತಾಳಿ ಕಟ್ಟುವಾಗ ಅವನ ಬೆರಳಿಗಂಟಿದ ನೀಲಿ ಬಣ್ಣ ನನ್ನ ಕೊರಳಿಗೆ ಹತ್ತಿತು. ಅದನ್ನು ಎರಡು ದಿನ ತೊಳೆಯಲಿಲ್ಲ.

ಆ ಒಂದು ವರ್ಷ ನಾವು ಮಾತಾಡಿದೆವು. ಗಂಡಹೆಂಡತಿ ಮಾತಾಡಿದರೆ ಯಾರು ಏನನ್ನುತ್ತಾರೆ? ಅವನು ಗಿರಣಿಯ ಬಾಗಿಲಲ್ಲಿ ನಿಂತು, ಪಟ್ಟೆಯ ಗದ್ದಲಕ್ಕೆ ಕೇಳಿಸದೆ, ಒಂದೇ ಮಾತನ್ನು ಮೂರು ಸಲ ಕೂಗುತ್ತಿದ್ದ. ನಾನು ಮೊದಲ ಸಲಕ್ಕೇ ಕೇಳಿಸಿಕೊಂಡು, ಇನ್ನೊಮ್ಮೆ ಎಂದು ಕಿವಿಗೆ ಕೈ ಹಿಡಿಯುತ್ತಿದ್ದೆ. ಎರಡೂ ಮನೆಯಲ್ಲಿ ನಿಜವಾದ ಮದುವೆಯ ಮಾತೂ ನಡೆದಿತ್ತು. ಆದರೆ ಮುಂದಿನ ದೃಶ್ಯ ಏನೆಂದು ಎಲ್ಲರಿಗೂ ಗೊತ್ತಿತ್ತು. ಮಾಳಿಂಗ ಉಪ್ಪಿನ ಹೇರು ಕಟ್ಟಿಕೊಂಡು ದೂರದೇಶಕ್ಕೆ ಹೋಗುತ್ತಾನೆ. ನಾಲ್ಕು ವರ್ಷ ಬಿಟ್ಟು ಬರುತ್ತಾನೆಂದು ಎಲ್ಲರ ಲೆಕ್ಕ.

"ನಾಕ ವರ್ಷ ಅಂದ್ರ ಏನ್ ಮಹಾ," ಎಂದಿದ್ದಳು ನಮ್ಮವ್ವ. "ಅವ ಬಂದ ಮರುದಿನಾನ ಹಂದರ ಹಾಕೂಣು."

ಹೋಗುವ ದೃಶ್ಯದಲ್ಲಿ ಅವನು ಕೆಳಗಿನ ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಬೇಕಿತ್ತು. ನೋಡಿದ. ಕಥೆ ಬರೆಯುವ ಮಾಸ್ತರರು ಅಲ್ಲಿ ಮಾತು ಬರೆದಿರಲಿಲ್ಲ. ನಾನು ಮೇಲೆ ನಿಂತೆ, ಅವನು ಹೋದ. ಅಂದಿನಿಂದ ಬೀದಿಯಲ್ಲಿ ನಾನು ಗೋಡೆಯ ಕಡೆ, ಅವನು ಗಟಾರದ ಕಡೆ.

ಮುಂದಿನ ವರ್ಷಗಳ ದೃಶ್ಯವೆಂದರೆ ನಾನು ಮೆಟ್ಟಿಲ ಮೇಲೆ ಕೂತು ದಾರಿ ನೋಡುವುದು. ಒಂದು ವರ್ಷ ಬಳೆಗಾರ ಬರುತ್ತಾನೆ, ಒಂದು ವರ್ಷ ಜೋಗಿ ಬರುತ್ತಾನೆ, ನಾನು ಸುದ್ದಿ ಕೇಳುತ್ತೇನೆ, ಅವರು ಕಂಡಿಲ್ಲವೆನ್ನುತ್ತಾರೆ. ಅಷ್ಟೇ. ಆ ಅಷ್ಟಕ್ಕೇ ಜನ ಅತ್ತರು. ಗಂಡ ದುಡಿಯಲು ಹೋದ ಹೆಂಗಸರು, ಮಗನ ಸುದ್ದಿ ಬಾರದ ತಾಯಂದಿರು, ಅಕ್ಕಪಕ್ಕದ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬಂದು ನನ್ನ ಜೊತೆ ಕೂತು ಅತ್ತು ಹಗುರಾಗಿ ಹೋದರು. ಮಾಳಿಂಗ ಬರಬೇಕಾದ ವರ್ಷಕ್ಕೆ ಮೊದಲೇ ಮುಂಗತೆ ಸಭೆ ಬಂತು. ಇಷ್ಟು ಜನ ಬರುತ್ತಿರುವಾಗ ಅವನನ್ನು ಇಷ್ಟು ಬೇಗ ಕರೆತರುವುದು ಬೇಡವೆಂದು ಊರು ತೀರ್ಮಾನಿಸಿತು. ಯಾರದೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬ ಮುದುಕಿಯಂತೂ ನನ್ನ ಗಲ್ಲ ಹಿಡಿದು, "ನೀ ಕಾಯೂದು ನೋಡಿದ್ರ ನನ್ನ ಎದಿ ತಣ್ಣಗಾಗ್ತದವ್ವ," ಎಂದಳು.

ಅವನ ಮನೆಯವರು ಎಷ್ಟೆಂದು ಕಾದಾರು? ಗುರುಪಾದನಿಗೆ ಕಲ್ಲವ್ವನನ್ನು ತಂದರು. ಹೊರಗಿನ ಹುಡುಗಿ, ಪಾತ್ರವಿಲ್ಲದವಳು, ಒಳ್ಳೆಯವಳು. ಜೋಳ ಬೀಸಿಸಲು ಬಂದಾಗ ಡಬ್ಬಿಯ ಮೇಲೆ ಕೈಯೂರಿ ಕೂತು, "ಅಕ್ಕಾರ, ನಿಮ್ಮ ಮಾಳಿಂಗಗ ನೆಗಡಿ ಆಗೇತ್ರಿ," ಎನ್ನುತ್ತಿದ್ದಳು. ತನ್ನ ಗಂಡನಿಗೆ ನೆಗಡಿ ಎನ್ನುತ್ತಿರಲಿಲ್ಲ. ಹಾಗೆ ಅವಳು ಹೇಳಿದ್ದು ಕೊಂಕಿನಿಂದಲ್ಲ, ನನಗೂ ಸುದ್ದಿ ಸಿಗಲಿ ಎಂದು. ನನ್ನನ್ನು ನೋಡಲೂ ಗಂಡುಗಳು ಬಂದವು, ನಾನು ಒಲ್ಲೆನೆಂದೆ. ಅವನಿಗಾಗಿ ಒಲ್ಲೆನೆಂದೆ ಎಂದು ಹೇಳಲಾರೆ. ಗಿರಣಿಯಿತ್ತು, ನಮ್ಮವ್ವ ಇದ್ದಳು, ದಿನಗಳು ಹೋದವು. ಎರಡನೆಯ ಮುಂಗತೆ ಸಭೆಯಲ್ಲಿ ಡೊಳ್ಳಿನವರು ಯುದ್ಧ ಬೇಕೆಂದು ಹಟ ಹಿಡಿದರು, ಮಾಳಿಂಗನ ದಾರಿಯಲ್ಲಿ ಯುದ್ಧ ಬಂತು, ಅವನು ಮತ್ತೆ ಹನ್ನೆರಡು ವರ್ಷ ಆಚೆಯೇ ಉಳಿದ. ಕಲ್ಲವ್ವ ಒಂದು ಮಳೆಗಾಲದ ಜ್ವರದಲ್ಲಿ ತೀರಿಹೋದಳು. ನಾನು ಮಣ್ಣಿಗೆ ಹೋಗಿ ಬಂದೆ. ಗುರುಪಾದ ಗೋಡೆಗೊರಗಿ ಕೂತಿದ್ದ. ಒಂದು ಮಾತು ಹೇಳಲಾಗಲಿಲ್ಲ. ಊರಲ್ಲಿ ಎಲ್ಲರೂ ಹೇಳಿದರು, ನಾನೊಬ್ಬಳು ಹೇಳಲಿಲ್ಲ.

ಚೆನ್ನಾಜಿಯ ಸಾವನ್ನು ನಾನು ಕೇಳಬಹುದಿತ್ತು. ಆಗ ಅವನೊಡನೆ ಮಾತಾಡಬಹುದಿತ್ತು. ಕೇಳಲಿಲ್ಲ. ಚೆನ್ನಾಜಿ ಸತ್ತರೆ ಮಾಳಿಂಗ ಬಂದು ಯಾರ ಬಾಗಿಲು ತಟ್ಟಬೇಕು?

ಈ ಸಲ ಮೂರನೆಯ ಸಭೆಗೆ ಮೊದಲು ಪುರಸಭೆಯವರು ಹೊರಗಿನಿಂದ ಒಬ್ಬ ಸಲಹೆಗಾರ್ತಿಯನ್ನು ಕರೆಸಿದರು. ಇಂದುಮತಿ ಎಂದು ಹೆಸರು, ಚುರುಕು ಹೆಣ್ಣುಮಗಳು. ಊರಿನ ಕಲೆಯ ಭವಿಷ್ಯ ಹೇಗಿರಬೇಕೆಂದು ಮನೆಮನೆಗೆ ಹೋಗಿ ಕೇಳಿದಳು. ಹೊಲಿಗೆಯವರು ದೊಡ್ಡ ಮದುವೆಯ ದೃಶ್ಯ ಬೇಕೆಂದರು. ಹುಡುಗರು ನಾಟಕ ಕಲಿಸುವ ಶಾಲೆ ಬೇಕೆಂದರು. ವಸತಿಗೃಹದ ಶಾಂತಪ್ಪಗೌಡರು ಚೆನ್ನಾಜಿ ಕಾಯುತ್ತಿರಲಿ, ಅಷ್ಟೇ ಸಾಕು ಎಂದರು. ಅವಳು ಗಿರಣಿಗೂ ಬಂದಳು. ಹಿಟ್ಟಿನ ಧೂಳಿಗೆ ಸೀನುತ್ತ, "ನಿಮಗೆ ಏನು ಬೇಕು ಅಮ್ಮಾ?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಎಲ್ಲಾರಿಗೂ ಏನ್ ಬೇಕೋ ಅದ ಬೇಕ್ರಿ," ಎಂದೆ.

ಅವಳು ಮಾಡಿಕೊಟ್ಟ ಯೋಜನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆರೆಯ ಪಕ್ಕ ನಾಟಕ ಶಾಲೆ, ಮೆಟ್ಟಿಲಿಗೆ ನೆರಳು, ವೇಷದ ಬಟ್ಟೆಗಳನ್ನಿಡಲು ಒಂದು ಮನೆ. ಚೆನ್ನಾಜಿಯ ನಿರೀಕ್ಷೆಯೇ ಈ ಊರಿನ ಆಸ್ತಿ, ಅದನ್ನು ಮುಂದುವರಿಸಬೇಕು ಎಂದಿದ್ದಳು. ಜೊತೆಗೆ ಒಂದು ಹೊಸ ಮಾತು: ವಯಸ್ಸಾದ ಪಾತ್ರಧಾರಿಗಳು ಬದುಕಿರುವಾಗಲೇ ಪಾತ್ರವನ್ನು ಎಳೆಯರಿಗೆ ಒಪ್ಪಿಸಬಹುದು. ನಾನೂ ಗುರುಪಾದನೂ ಶಾಲು ಹೊದ್ದು ಇಳಿಯುವುದು. ನಮ್ಮ ಜಾಗಕ್ಕೆ ಗುರುಪಾದನ ಮಗಳು ಕಸ್ತೂರಿ, ಮತ್ತು ಡೊಳ್ಳಿನವರ ಈರಣ್ಣ. ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅವರನ್ನೇ ಆರಿಸಿದ್ದು ಅದಕ್ಕೇ. ನಿಜವಾದ ಜೋಡಿ ಅಗಲಿದರೆ ನೋಡುವವರಿಗೆ ಇನ್ನಷ್ಟು ನಾಟುತ್ತದಂತೆ.

ಇಳಿದರೆ ನನಗೂ ಅವನಿಗೂ ಬಿಡುಗಡೆ. ಆ ಸುದ್ದಿ ಕೇಳಿದ ದಿನ ಗಿರಣಿಯ ಕಲ್ಲು ಖಾಲಿ ತಿರುಗಿದ್ದು ನನಗೆ ತಿಳಿಯಲೇ ಇಲ್ಲ.

ಕಸ್ತೂರಿ ಕಲಿಯಲು ನನ್ನ ಹತ್ತಿರವೇ ಬಂದಳು. ತಾಯಿಯ ಮೂಗು, ತಂದೆಯ ಉದ್ದನೆಯ ಬೆರಳು. ಸಂಜೆ ಗಿರಣಿ ನಿಲ್ಲಿಸಿದ ಮೇಲೆ ಇಬ್ಬರೂ ಕೆರೆಯ ಮೆಟ್ಟಿಲಿಗೆ ಹೋಗುತ್ತಿದ್ದೆವು.

"ಚಿಗವ್ವ, ದಾರಿ ನೋಡುವಾಗ ಏನ್ ನೆನಸ್ಕೊಂತೀರಿ?"

"ಏನೂ ಇಲ್ಲ. ಅವ ಯಾವ ಮಗ್ಗಲದಿಂದ ಬಂದಾನು ಅಂತ ನೋಡ್ತೀನಿ."

"ಅಷ್ಟನ?"

"ಅಷ್ಟ. ಗೋಣು ಎತ್ತಬ್ಯಾಡ. ಕಾದವರು ಗೋಣು ಎತ್ತಂಗಿಲ್ಲ, ಕಣ್ಣಷ್ಟ ಎತ್ತತಾರ."

ಅವಳು ಎತ್ತಿದಳು. ಒಂದೇ ಸಲಕ್ಕೆ ಬಂತು. ನನಗೆ ಅದು ಬರಲು ಎಷ್ಟು ವರ್ಷ ಹಿಡಿದಿತ್ತು.

"ಈರಣ್ಣನ ಕೂಡ ಮಾತ ನಿಲ್ತಾವು, ಗೊತ್ತೈತಿಲ್ಲೋ?" ಎಂದೆ.

"ಗೊತ್ತೈತಿ. ನೀವು ಇರಲಿಲ್ಲೇನು?" ಎಂದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಹೆಮ್ಮೆಯಿತ್ತು. "ಊರ ಮಂದಿ ಎಲ್ಲಾ ನನ್ನ ನೋಡಿ ಅಳೂದು ಅಂದ್ರ ಸಣ್ಣ ಮಾತೇನ್ ಚಿಗವ್ವ. ಹನ್ನೆರಡ ವರ್ಷಕ್ಕ ಅವ ಬರ್ತಾನ. ಆಮ್ಯಾಲೆ ಬೇಕಾದಷ್ಟ ಮಾತಾಡ್ತೀವಿ."

ಬೇಡವೆಂದಿದ್ದರೆ ಅವಳಿಗೆ ಅದು ಪಾತ್ರ ಬಿಡಲೊಲ್ಲದ ಮುದುಕಿಯ ಮಾತಾಗಿ ಕೇಳಿಸುತ್ತಿತ್ತು. ಆದರೆ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ಪಾತ್ರ ಹಿಡಿದವಳು ಕೇಳಬಾರದ್ದನ್ನು ಕೇಳುತ್ತೇನೆ. ಮಾಳಿಂಗನನ್ನು ಈ ವರ್ಷವೇ ಕರೆತನ್ನಿ, ನಾವೇ ಆಡುತ್ತೇವೆ, ಇಳಿಯುವವರು ಆಮೇಲೆ ಇಳಿಯುತ್ತೇವೆ ಎನ್ನುತ್ತೇನೆ. ನಗುವವರು ನಗಲಿ. ರೊಟ್ಟಿ ಬಡಿಯುವಾಗ, ಹಿಟ್ಟು ಜರಡಿ ಹಿಡಿಯುವಾಗ ಆ ಮಾತುಗಳನ್ನು ಹೇಳಿ ಹೇಳಿ ಬಾಯಿಗೆ ತಂದುಕೊಂಡೆ.

ಸಭೆಗೆ ಅಂಗಳ ತುಂಬಿತ್ತು. ಇಂದುಮತಿ ಯೋಜನೆ ಓದಿದಳು. ಶಾಲೆಗೆ ಚಪ್ಪಾಳೆ, ನೆರಳಿಗೆ ಚಪ್ಪಾಳೆ. ಚೆನ್ನಾಜಿಯ ವಿಷಯ ಬಂದಾಗ ಅಧ್ಯಕ್ಷರು, "ಪಾತ್ರ ಒಪ್ಪಿಸೂದಕ್ಕ ಇಬ್ಬರದೂ ಒಪ್ಪಿಗಿ ಐತೇನ್ರಿ?" ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ಏಳಬೇಕು, ಅಷ್ಟರಲ್ಲಿ ಗಂಡಸರ ಕಡೆಯಿಂದ ಗುರುಪಾದ ಎದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಗೋಡೆಯ ಕಡೆ ತಿರುಗಬೇಕಿತ್ತು, ತಿರುಗಲಿಲ್ಲ.

"ಒಪ್ಪಸೂದಿಲ್ರಿ," ಎಂದ. "ನಾ ಮಾಳಿಂಗನ ಸಾವು ಕೇಳ್ತೀನಿ."

ಅಂಗಳದಲ್ಲಿ ಒಮ್ಮೆಲೇ ಗದ್ದಲ. ಶಾಂತಪ್ಪಗೌಡರು ಕುರ್ಚಿಯಿಂದೆದ್ದು, "ಹಿಂಗ್ಯಾಂಗ ಆದೀತ್ರಿ, ಊರಿನ ಹೊಟ್ಟಿ ಮ್ಯಾಲೆ ಹೊಡದಂಗ," ಎಂದರು. ಹೆಂಗಸರ ಸಾಲಿನಲ್ಲಿ ಒಬ್ಬಳು ಬಿಕ್ಕಿದಳು. ಕಸ್ತೂರಿ ಅಪ್ಪನನ್ನೇ ನೋಡುತ್ತಿದ್ದಳು. ಇಂದುಮತಿ ಪಕ್ಕದವರನ್ನು ಹೀಗೂ ಕೇಳಬಹುದೇ ಎಂದು ಕೇಳುತ್ತಿದ್ದಳು. ಕೇಳಬಹುದು, ಕೇಳಿದರೆ ಕೊಡಲೇಬೇಕು. ಅಧ್ಯಕ್ಷರು ಮಾಸ್ತರರ ಕಡೆ ನೋಡಿದರು, ಮಾಸ್ತರರು ತಲೆಯಾಡಿಸಿದರು. ಮುಗಿಯಿತು.

ನಾನು ಕಲಿತಿದ್ದ ಮಾತುಗಳು ಇನ್ನು ಯಾವ ಕೆಲಸಕ್ಕೂ ಬಾರದಾದವು. ಎಷ್ಟೋ ವರ್ಷದ ಮೇಲೆ ಅವನ ದನಿ ಕೇಳಿದ್ದೆ. ಅದರಲ್ಲಿ ಕೇಳಿದ್ದು ಇದು. ಮನೆಗೆ ಬಂದು ನೀರೂ ಕುಡಿಯದೆ ಕೂತೆ. ಅವನು ಬದುಕಿದ್ದಾನೆ ಎಂದು ಊರಿಗೆಲ್ಲ ನಂಬಿಸಿದವಳು ನಾನು. ಬಿಸಿಲಲ್ಲಿ ಕೂತು, ಜ್ವರ ಬಂದಾಗಲೂ ಕೂತು, ಅವನನ್ನು ಸಾಯಗೊಡದೆ ಹಿಡಿದವಳು. ಅವನು ಒಂದು ಮಾತಿನಲ್ಲಿ ಸಾಯಿಸಿಬಿಟ್ಟ.

ಆ ವರ್ಷದ ದೃಶ್ಯದಲ್ಲಿ ಒಬ್ಬ ಉಪ್ಪಾರ ಬಂದು ಮಾಳಿಂಗನ ರುಮಾಲನ್ನು ನನ್ನ ಕೈಗಿಟ್ಟ. ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಮಾಸ್ತರರು ನನಗೆ ದೊಡ್ಡ ಶೋಕದ ಹಾಡು ಬರೆದುಕೊಟ್ಟಿದ್ದರು. ನಾನು ಹಾಡಲಿಲ್ಲ. ರುಮಾಲನ್ನು ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ. ಬಳೆ ಒಡೆಯಲು ಬಂದ ಹೆಂಗಸರೇ ಅಳುತ್ತ ಕೂತುಬಿಟ್ಟರು. ಕೊನೆಗೆ ನಾನೇ ಕಲ್ಲಿಗೆ ಕೈ ಬಡಿದೆ.

ಮರುದಿನದಿಂದ ನಮಗೆ ಯಾವ ಅಡ್ಡಿಯೂ ಇರಲಿಲ್ಲ. ಸತ್ತವನ ಪಾತ್ರ ಕಳಚಿದವನು ಬರಿಯ ಗುರುಪಾದ, ಯಾರ ಜೊತೆ ಬೇಕಾದರೂ ಮಾತಾಡಬಹುದು. ಆದರೂ ಅವನು ಬರಲಿಲ್ಲ, ನಾನು ಹೋಗಲಿಲ್ಲ. ಬೀದಿಯಲ್ಲಿ ಎದುರಾದರೆ ಕಾಲು ತಾನಾಗಿ ಗೋಡೆಯ ಕಡೆ ಸರಿಯುತ್ತಿತ್ತು. ಕಸ್ತೂರಿ ಅಪ್ಪನೊಡನೆ ಮಾತು ಬಿಟ್ಟಿದ್ದಾಳೆಂದು ಕೇಳಿದೆ. ಅದಕ್ಕೆ ನಾಟಕದ ಕಾರಣವಿರಲಿಲ್ಲ, ಬರಿಯ ಸಿಟ್ಟು. ಆಮೇಲೆ ಶಾಲೆಯ ಕಟ್ಟಡ ಏಳತೊಡಗಿತು, ಅವಳಿಗೆ ಅಲ್ಲಿ ಎಳೆಯರಿಗೆ ಕಲಿಸುವ ಕೆಲಸ ಸಿಕ್ಕಿತು, ಸಿಟ್ಟು ಇಳಿಯಿತು ಎಂದೂ ಕೇಳಿದೆ.

ಒಂದು ಬೆಳಿಗ್ಗೆ ಕರೆಂಟು ಹೋಗಿ ಗಿರಣಿ ನಿಂತಿತ್ತು. ಕೆರೆಯ ಕಡೆ ನಡೆದೆ. ಗುರುಪಾದ ಶಾಲೆಯ ಬಾಗಿಲ ಮೇಲೆ ಏಣಿ ಹಾಕಿ ಬೋರ್ಡು ಬರೆಯುತ್ತಿದ್ದ. ಕೆಳಗೆ ನಿಂತು ನೋಡಿದೆ. ಕೈ ಈಗ ನಿಧಾನವಾಗಿತ್ತು.

"ಇಳೀರಿ," ಎಂದೆ.

ಅವನ ಬೆನ್ನು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಇಳಿದ. ಇನ್ನೂ ಗಾರೆ ಹಾಕದ ಕಟ್ಟೆಯ ಮೇಲೆ ಕೂತೆವು, ನಡುವೆ ಬಣ್ಣದ ಡಬ್ಬಿ.

"ಯಾಕ ಕೊಂದ್ರಿ ಅವನ್ನ?" ಎಂದು ಕೇಳಿದೆ.

ಅವನು ಕುಂಚ ಒರೆಸುತ್ತ ಕೂತ. "ನೀವು ಕಾಯೂದು ನಾ ಎಂದೂ ನೋಡಿಲ್ಲ," ಎಂದ. ನಿಜ. ಅಗಲಿದವರು ಒಬ್ಬರ ದೃಶ್ಯ ಇನ್ನೊಬ್ಬರು ನೋಡುವಂತಿಲ್ಲ; ನನ್ನ ದೃಶ್ಯದ ದಿನ ಅವನು ಬೇರೆ ಊರಿಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದ. "ಮಂದಿ ಹೇಳೂದಷ್ಟ ಕೇಳಿದ್ದೆ. ಕಸ್ತೂರಿ ನಿಮ್ಮ ಹಂತ್ಯಾಕ ಕಲತು ಬಂದು ಪಡಸಾಲ್ಯಾಗ ಮಾಡಿ ತೋರಿಸಿದ್ಲು. ಥೇಟ ನೀವ. ಕಣ್ಣಷ್ಟ ಎತ್ತಿದ್ಲು." ಅವನು ಕುಂಚವನ್ನು ಡಬ್ಬಿಯ ಮೇಲಿಟ್ಟ. "ಅವತ್ತ ಗೊತ್ತಾತ್ರಿ ಏನ್ ಮಾಡೀವಿ ಅಂತ. ನನ್ನ ಮಗಳಿಗೆ ಅದು ಬ್ಯಾಡ ಅನಿಸ್ತು. ನಿಮಗೂ ಇನ್ನ ಸಾಕು ಅನಿಸ್ತು."

"ನನ್ನ ಕೇಳಬೇಕಿತ್ತು."

"ಹ್ಯಾಂಗ ಕೇಳ್ಲಿ?"

ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಕಲ್ಲವ್ವ ಹೋದಾಗ ಹೇಳಬೇಕಿದ್ದ ಮಾತನ್ನು ಈಗ ಹೇಳಿದೆ. ಅವನು ತಲೆಬಗ್ಗಿಸಿ ಕೇಳಿಸಿಕೊಂಡ. ಕೆರೆಯ ಮೇಲಿನ ಗಾಳಿಗೆ ಹೊಸ ಗೋಡೆಯ ಸುಣ್ಣದ ವಾಸನೆ ಬರುತ್ತಿತ್ತು.

"ಒಂದ ಮಾತ ಕೇಳ್ಲ್ಯಾ," ಎಂದ. "ಅವ ಬಂದಿದ್ರ ಏನ್ ಅಂತಿದ್ರಿ ನೀವು?"

"ನಾನ್ಯಾಕ ಅನ್ಲಿ? ಬಂದವ ಅವ. ಅವನ ಹೇಳಬೇಕು, ಎಲ್ಲಿದ್ದ, ಏನ್ ಉಂಡ, ಯಾಕ ತಡ ಆತು. ನಾ ಬಾಗಲಾಗ ನಿಂತು ಕೇಳ್ತಿದ್ದೆ. ಎಷ್ಟ ವರ್ಷ ಅಂತ ಹಂಗ ನಿಂತು ನೋಡೀನಿ ಮನಸಿನ್ಯಾಗ. ಅವ ಹೇಳ್ತಿರ್ತಾನ, ನಾ ಕೇಳ್ತಿರ್ತೀನಿ."

ಗುರುಪಾದ ನಕ್ಕ. ನಗು ಅರ್ಧಕ್ಕೇ ನಿಂತಿತು. "ನಾನೂ ಭಾಳ ಸರ್ತಿ ಬಂದೀನಿ," ಎಂದ. "ಬೋರ್ಡ ಬರಕೋತ, ಉಣಕೋತ. ಹೇರು ಇಳಸ್ತೀನಿ, ಮೆಟ್ಲ ಹತ್ತತೀನಿ, ಮ್ಯಾಲೆ ನೀವು ನಿಂತಿರ್ತೀರಿ. ಮಾತೆಲ್ಲಾ ನಿಮ್ಮವ. ಬೈತೀರಿ, ಅಳತೀರಿ, ಊರ ಸುದ್ದಿ ಹೇಳ್ತೀರಿ. ನಾ ಸುಮ್ಮನ ನಿಂತು ಕೇಳ್ತೀನಿ. ನನಗ ಒಂದೂ ಮಾತ ಇಲ್ಲ ಅದ್ರಾಗ."

ಅಂದರೆ ಇಷ್ಟು ವರ್ಷ ಅವನ ದೃಶ್ಯದಲ್ಲಿ ನಾನು ಮಾತಾಡುತ್ತಿದ್ದೆ, ನನ್ನ ದೃಶ್ಯದಲ್ಲಿ ಅವನು. ಇಬ್ಬರೂ ಕೇಳಲೆಂದೇ ಕಾದು ನಿಂತಿದ್ದೆವು, ಹೇಳುವವರು ಯಾರೂ ಇರಲಿಲ್ಲ. ಆ ಮಾತುಗಳು ಯಾವುವೆಂದು ಈಗ ಇಬ್ಬರಿಗೂ ಗೊತ್ತಾಗುವ ಹಾಗಿರಲಿಲ್ಲ.

"ಹಂಗಾರ ಏನರ ಹೇಳ್ರಿ," ಎಂದ.

ಏನು ಹೇಳುವುದು? ತಲೆಯೆತ್ತಿ ಬೋರ್ಡು ನೋಡಿದೆ. ಮುಂಗತೆ ನಾಟಕ ಶಾಲೆ ಎಂಬಲ್ಲಿ ಮೊದಲಿನ ಎರಡು ಅಕ್ಷರ ಮುಗಿದಿದ್ದವು, ಇನ್ನೂ ಹಸಿಯಾಗಿದ್ದವು.

"ಆ ಕೊಂಬು ಸಣ್ಣದಾತು ನೋಡ್ರಿ," ಎಂದೆ.

ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ಹೌದು," ಎಂದ. ಕುಂಚ ತೆಗೆದುಕೊಂಡು ಎದ್ದ. ಏಣಿ ಸ್ವಲ್ಪ ಅಲುಗುತ್ತಿತ್ತು. ನನ್ನ ಮಾಳಿಂಗ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ನಾನು ಎದ್ದು ಹೋಗಿ ಏಣಿ ಹಿಡಿದು ನಿಂತೆ.